ಫೈನಲ್ ಗೆದ್ದ ಮರುದಿನ ಏನಾಗ್ತದ? 'ಗುರು ಶಿಷ್ಯರು', 'ರೂಡಿ' ಮತ್ತು ನಮ್ಮ ಮನೆ ಜಗಳ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಸರಸಂಬಾದಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಇದ್ರ ಹಾಕ್ಕೊಳ್ರಿ, ಹೊರಗ ಟ್ರ್ಯಾಕ್ಟರ್ ಹೊಂಟದ, ಸೌಂಡ್ ಬರ್ತದ.

ಕಳೆದ ವಾರ ನಮ್ಮ ಮನ್ಯಾಗ ಒಂದು ಸಿನಿಮಾದಿಂದ ಜಗಳ ಆಯ್ತು. ಮೊಬೈಲ್ ಗೋಡೆಗೆ ಆನಿಸಿಟ್ಟು ಐದು ಮಂದಿ 'ಗುರು ಶಿಷ್ಯರು' ನೋಡಿದ್ವಿ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಸಿನಿಮಾ. ಜಡೇಶ್ ಕೆ. ಹಂಪಿ ನಿರ್ದೇಶನ, ಶರಣ್ ಹೀರೊ. ಸೋಮಾರಿ ಪಿ.ಟಿ. ಮೇಷ್ಟ್ರು ಒಂದು ಹಳ್ಳಿಗೆ ಬರ್ತಾರೆ, ಏನೂ ಬರದ ಹುಡುಗರಿಗೆ ಖೋ ಖೋ ಕಲಿಸ್ತಾರೆ, ಕೊನೆಗೆ ಊರಿನ ಮಾನವೇ ಆ ಆಟದ ಮೇಲೆ ನಿಲ್ತದ.

ಮುಗಿಯುವಷ್ಟರಲ್ಲಿ ಮೂರು ಅಭಿಪ್ರಾಯ. ನನ್ನ ಗೆಳೆಯ ಅಂದ: "ಹತ್ತು ನಿಮಿಷದಾಗ ಕೊನೆ ಗೊತ್ತಾಯ್ತು. ಇಂಥವು ಎಷ್ಟು ನೋಡಿಲ್ಲ?" ಕಾಕಾನ ಮಗಳು ಮಾತೇ ಆಡಲಿಲ್ಲ, ಕಣ್ಣು ಒರೆಸ್ಕೋತಿದ್ಲು. ಆಕಿ ಶಾಲೆಯ ಖೋ ಖೋ ಟೀಮ್‌ನಲ್ಲಿದ್ದಾಳೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಕಾಕಾ ಎದ್ದು ನಿಂತು ಕೇಳಿದ್ದು ಒಂದೇ ಮಾತು: "ಗೆದ್ದರು, ಛಲೋ ಆಯ್ತು. ಮರುದಿನ ಏನು ಉಣ್ತಾರ?"

ಇವತ್ತಿನ ಸಂಚಿಕೆ ಈ ಮೂರು ಅಭಿಪ್ರಾಯಗಳ ಬಗ್ಗೆ.

ಗೊತ್ತಿದ್ದರೂ ಯಾಕೆ ನೋಡ್ತೀವಿ?

ಇಂಗ್ಲಿಷ್‌ನವರು ಇದಕ್ಕೆ ಅಂಡರ್‌ಡಾಗ್ ಕತೆ ಅಂತಾರೆ. ಅಂದ್ರೆ ಯಾರೂ ಬಾಜಿ ಕಟ್ಟದ ತಂಡ. 'ಲಗಾನ್' ನೋಡ್ರಿ, 'ಚಕ್ ದೇ ಇಂಡಿಯಾ' ನೋಡ್ರಿ, ದಾರಿ ಒಂದೇ. ಕೆಲಸಕ್ಕೆ ಬಾರದ ತಂಡ, ಪೆಟ್ಟು ತಿಂದ ಗುರು, ಮೊದಲ ಸೋಲು, ಒಳಜಗಳ, ಕೊನೆಯ ಗೆಲುವು. ನನ್ನ ಗೆಳೆಯ ಹೇಳಿದ್ದು ಸುಳ್ಳಲ್ಲ.

ಆದ್ರೆ 'ಗುರು ಶಿಷ್ಯರು' ಸಿನಿಮಾದಲ್ಲಿ ಆಟವೇ ಕತೆಗೆ ಕೆಲಸ ಮಾಡ್ತದ. ಖೋ ಖೋ ನಿಯಮ ನೆನಪು ಮಾಡ್ಕೊಳ್ರಿ. ಅಟ್ಟಿಸಿಕೊಂಡು ಹೋಗುವ ತಂಡದ ಎಂಟು ಮಂದಿ ಸಾಲಾಗಿ ಕೂತಿರ್ತಾರೆ, ಒಬ್ಬ ಬಲಕ್ಕೆ ಮುಖ ಮಾಡಿದ್ರೆ ಪಕ್ಕದವ ಎಡಕ್ಕೆ. ಒಂಬತ್ತನೆಯವ ಓಡ್ತಾನೆ. ತಪ್ಪಿಸಿಕೊಳ್ಳುವವನು ಸಾಲಿನ ನಡುವೆ ಹೇಗೆ ಬೇಕಾದ್ರೂ ನುಗ್ಗಬಹುದು. ಅಟ್ಟಿಸುವವನು ಮಾತ್ರ ನಡುವೆ ದಾಟುವಂಗಿಲ್ಲ, ಕಂಬ ಮುಟ್ಟುವ ತನಕ ಹಿಂದಕ್ಕೆ ತಿರುಗುವಂಗಿಲ್ಲ. ಹಾಗಾದ್ರೆ ಹಿಡಿಯೋದು ಹೆಂಗ? ಕೂತವನ ಬೆನ್ನಿಗೆ "ಖೋ" ಕೊಟ್ಟು ಓಟವನ್ನು ಅವನ ಕೈಗೆ ಒಪ್ಪಿಸಬೇಕು. ಎಷ್ಟೇ ಜೋರಾಗಿ ಓಡಿದ್ರೂ ಒಬ್ಬನಿಂದ ಈ ಆಟ ಆಗೋದಿಲ್ಲ. ತಂಗಿ ಅತ್ತದ್ದು ಅಲ್ಲೇ. ಆಕಿ ದಿನಾ ಆ ಸಾಲಿನಾಗ ಕೂತು ತನ್ನ "ಖೋ" ಕಾಯ್ತಾಳ.

ಇಪ್ಪತ್ತೇಳು ಸೆಕೆಂಡಿನ ಹೀರೊ

ಈಗ ಅಮೆರಿಕಕ್ಕೆ ಹೋಗೋಣ. ಯಾಕಂದ್ರೆ ಕಾಕಾನ ಪ್ರಶ್ನೆಗೆ ಒಂದು ಉತ್ತರ ಅಲ್ಲಿದೆ.

1993ರಲ್ಲಿ 'ರೂಡಿ' ಅಂತ ಸಿನಿಮಾ ಬಂತು. ವಿಷಯ ಅಮೆರಿಕನ್ ಫುಟ್‌ಬಾಲ್. ನಮ್ಮ ಫುಟ್‌ಬಾಲ್ ಅಲ್ರಿ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲಿ ಹಿಡಿದು ಓಡೋದು, ಎದುರಾಳಿಯನ್ನು ಕೆಡವೋದು. ಕತೆ ನಿಜವಾದ ಮನುಷ್ಯನದು, ಡೇನಿಯಲ್ ರೂಡಿ ರೂಟಿಗರ್. 14 ಮಕ್ಕಳ ಮನೆಯ ಹುಡುಗ. ಎತ್ತರ ಐದಡಿ ಆರಿಂಚು. ಓದಲು ತೊಡಕಾಗುವ ಡಿಸ್ಲೆಕ್ಸಿಯಾ ಇತ್ತು. ನಾಟರ್ ಡೇಮ್ ವಿಶ್ವವಿದ್ಯಾಲಯ ಮೂರು ಸಲ ಸೀಟು ಇಲ್ಲ ಅಂದಿತ್ತು. ಕೊನೆಗೆ ಸೇರಿಕೊಂಡ. ಟೀಮ್‌ನಲ್ಲಿ ಅವನ ಕೆಲಸ ಅಂದ್ರೆ ಅಭ್ಯಾಸದ ವೇಳೆ ದೊಡ್ಡ ಆಟಗಾರರಿಂದ ಗುದ್ದಿಸಿಕೊಳ್ಳೋದು.

1975ರ ನವೆಂಬರ್ 8, ಜಾರ್ಜಿಯಾ ಟೆಕ್ ವಿರುದ್ಧ ಪಂದ್ಯ. ಕೊನೆಗಳಿಗೆಯಲ್ಲಿ ಅವನನ್ನು ಇಳಿಸಿದರು. 27 ಸೆಕೆಂಡ್ ಉಳಿದಿತ್ತು. ಚೆಂಡು ಎಸೆಯಬೇಕಿದ್ದ ಎದುರಾಳಿಯನ್ನು ರೂಡಿ ಕೆಡವಿದ. ಜತೆಗಾರರು ಹೆಗಲ ಮೇಲೆ ಹೊತ್ತು ಹೊರಗೆ ತಂದರು.

ಈ ಸಿನಿಮಾ ನೋಡಿದವರಲ್ಲೂ ಎರಡು ಪಾರ್ಟಿ. ಕೆಲವರಿಗೆ ಇದು ಬದುಕಿಗೇ ಧೈರ್ಯ ಕೊಟ್ಟ ಸಿನಿಮಾ. ಇನ್ನು ಕೆಲವರಿಗೆ ಬರೀ ಬಣ್ಣ. ಬಣ್ಣ ಇದ್ದದ್ದೂ ಖರೆ. ಸಿನಿಮಾದಲ್ಲಿ ಆಟಗಾರರು ಒಬ್ಬೊಬ್ಬರಾಗಿ ಕೋಚ್ ಟೇಬಲ್ ಮೇಲೆ ಜರ್ಸಿ ಇಟ್ಟು "ನನ್ನ ಬದಲು ರೂಡಿಯನ್ನ ಆಡಿಸಿ" ಅಂತಾರೆ. ಅದೇ ಟೀಮ್‌ನಲ್ಲಿದ್ದ, ಮುಂದೆ ದೊಡ್ಡ ಹೆಸರು ಮಾಡಿದ ಜೋ ಮೊಂಟಾನಾ, ಅಂಥದ್ದು ನಡೆದೇ ಇಲ್ಲ ಅಂದರು. ಸಿನಿಮಾದಲ್ಲಿ ಕೋಚ್ ಡ್ಯಾನ್ ಡಿವೈನ್ ಅಡ್ಡಗಾಲು. ನಿಜವಾಗಿ ರೂಡಿಯನ್ನು ಆಡಿಸುವ ನಿರ್ಧಾರ ತಮ್ಮದೇ ಅಂತ ಡಿವೈನ್ ಹೇಳಿದ್ದರು.

ನನಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ದೊಡ್ಡದು ಮುಂದಿದೆ. ಬಿ.ಕಾಂ. ಓದಿದವನಾದ್ದರಿಂದ ನನ್ನ ಕಣ್ಣು ಅಲ್ಲೇ ಹೋಯ್ತು.

ರೂಡಿ ತನ್ನ ಹೆಸರಲ್ಲೇ ಒಂದು ಪಾನೀಯದ ಕಂಪನಿ ಶುರು ಮಾಡಿದ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು, ಅಂದ್ರೆ ನಮ್ಮ ಸೆಬಿ ಇದ್ದಂಗ, ಕೇಸ್ ಹಾಕಿದರು. ಆರೋಪ 'ಪಂಪ್ ಅಂಡ್ ಡಂಪ್'. ಸುಳ್ಳು ಸುದ್ದಿ ಹಬ್ಬಿಸಿ ಷೇರಿನ ರೇಟು ಏರಿಸೋದು, ಜನ ನಂಬಿ ಕೊಳ್ಳುವಾಗ ತಮ್ಮ ಷೇರು ಮಾರಿ ಜಾಗ ಖಾಲಿ ಮಾಡೋದು. ಈ ಆಟದಿಂದ 1.1 ಕೋಟಿ ಡಾಲರ್‌ಗೂ ಹೆಚ್ಚು ಅಕ್ರಮ ಲಾಭ ಆಗಿದೆ ಅಂತ ಆರೋಪ. ತಪ್ಪು ಒಪ್ಪದೆ, ಅಲ್ಲಗಳೆಯದೆ, ರೂಡಿ 3.8 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಿ ಕೇಸ್ ಮುಗಿಸಿಕೊಂಡ.

27 ಸೆಕೆಂಡ್ ಮುಗಿದ ಮೇಲೂ ಹೊಟ್ಟೆಪಾಡು ಇರ್ತದ. ಹೆಸರು ಇತ್ತು, ಅದನ್ನೇ ಮಾರಿದ. ಸಿನಿಮಾ ನಂಬಿದ ಜನ ಪಾನೀಯವನ್ನೂ ನಂಬಿದರೆ ಆಶ್ಚರ್ಯ ಏನು?

ದೆಹಲಿಯ ಕಪ್, ಬೆಂಗಳೂರಿನ ಚೆಕ್

ಈಗ ನಮ್ಮ ರಾಜ್ಯಕ್ಕೆ ವಾಪಸ್. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೀತು. ಎರಡೂ ಫೈನಲ್‌ನಲ್ಲಿ ಎದುರಾಳಿ ನೇಪಾಳ. ಭಾರತದ ಮಹಿಳೆಯರು 78–40, ಪುರುಷರು 54–36ರಿಂದ ಗೆದ್ದರು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ, ಪುರುಷರ ತಂಡದಲ್ಲಿ ನಮ್ಮದೇ ರಾಜ್ಯದ ಎಂ.ಕೆ. ಗೌತಮ್.

ಹಳ್ಳಿ ಹುಡುಗಿ, ಮಣ್ಣಿನ ಅಂಗಳ, ವಿಶ್ವಕಪ್. ಸಿನಿಮಾ ಆಗಿದ್ರೆ ಇಲ್ಲಿಗೇ ಹಾಡು ಬಂದು ಮುಗೀತಿತ್ತು. ಆದ್ರೆ ಅದೇ ತಿಂಗಳು ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು, ಇಬ್ಬರೂ ಬೇಡ ಅಂದರು. ಅವರು ಮುಂದಿಟ್ಟ ಹೋಲಿಕೆ ಮಹಾರಾಷ್ಟ್ರದ್ದು. ಅಲ್ಲಿನ ಆಟಗಾರರಿಗೆ 2.25 ಕೋಟಿ ರೂಪಾಯಿ, ಜತೆಗೆ ಸರ್ಕಾರಿ ನೌಕರಿ.

ಆಳಂದ ತಾಲೂಕಿನವರಿಗೆ ಮಹಾರಾಷ್ಟ್ರ ಅಂದ್ರೆ ದೂರದ ಸುದ್ದಿ ಅಲ್ಲ, ಗಡಿ ದಾಟಿದ್ರೆ ಅದೇ. ಅಲ್ಲಿಯೂ ಅದೇ ಮಣ್ಣು, ಅದೇ ತೊಗರಿ ಹೊಲ. ಆಟ ಒಂದೇ, ಕಪ್ ಒಂದೇ, ಮರುದಿನ ಮಾತ್ರ ಬೇರೆ.

"ದುಡ್ಡಿಗಾಗಿ ಆಡಿದ್ರೇನು?" ಅಂತ ಕೇಳುವವರು ಇದ್ದಾರೆ. ಅವರಿಗೆ ನನ್ನ ಪ್ರಶ್ನೆ ಒಂದೇ. ಆಟದಿಂದ ಮನೆ ನಡೀತದ ಅಂತ ತೋರಿಸದೆ, ಯಾವ ಅಪ್ಪ ಮಗಳನ್ನ ಅಂಗಳಕ್ಕೆ ಕಳಿಸ್ತಾನ?

ಹಾಗಾದ್ರೆ ಯಾರು ಸರಿ?

ಗೆಳೆಯ ಸರಿ, ಕತೆ ಹಳೇದು. ತಂಗಿ ಸರಿ, ಅಳು ಖರೆ. ಆದ್ರೆ ಆ ರಾತ್ರಿ ಸಿನಿಮಾಕ್ಕೆ ಸರಿಯಾದ ವಿಮರ್ಶೆ ಬರೆದದ್ದು ಕಾಕಾ. ಗೆಲುವು ನಂಬೋಹಂಗ ಇದೆಯಾ ಅಂತ ನಾವು ವಾದ ಮಾಡ್ತಿದ್ವಿ. ಗೆದ್ದ ಮೇಲಿನ ಸೋಮವಾರದ ಬಗ್ಗೆ ಕೇಳಿದ್ದು ಅವರೊಬ್ಬರೇ. ಇಂಥ ಸಿನಿಮಾಗಳು ಆ ಸೋಮವಾರ ಬರುವ ಮೊದಲೇ ಪರದೆ ಎಳೀತಾವ.

ಚೈತ್ರಾ ಅವರ ಸುದ್ದಿ ಕಾಕಾಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬ್ಯಾಡ ಅಂದ್ಲಾ? ಗಟ್ಟಿ ಹುಡುಗಿ" ಅಂದರು. ತಂಗಿಗೆ ದಸರಾ ಕ್ರೀಡಾಕೂಟದ ತನಕ ಆಡಲು ಒಪ್ಪಿಗೆ ಸಿಕ್ಕಿದೆ. ಅದಾದ ಮೇಲೆ ಏನು ಅಂತ ಇನ್ನೂ ತೀರ್ಮಾನ ಆಗಿಲ್ಲ. ಸಂಜೆ ಗಣಿತ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಿದ್ದದ.

ಆಕಿ ಆಟ ನೋಡಲು ನಾನೂ ಹೋಗ್ತೀನಿ, ಬಂದು ಹೇಳ್ತೀನಿ. ಅಲ್ಲಿ ತನಕ, ಬರ್ತೀನ್ರಿ.