ಹಳೇ ಪಿಕಪ್ಪಿನ ಪ್ಲಗ್: ಕೆಡುವ ಮುನ್ನವೇ ಬದಲಿಸಿ

ಟೈರ್ ಸವೆದರೆ ಕಣ್ಣಿಗೆ ಕಾಣುತ್ತದೆ, ಬ್ರೇಕ್ ಪ್ಯಾಡ್ ಸವೆದರೆ ಕಿವಿಗೆ ಕೇಳುತ್ತದೆ. ಸ್ಪಾರ್ಕ್ ಪ್ಲಗ್ ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಎಂಜಿನ್ನಿನ ಕಸುವು ದಿನಕ್ಕಿಷ್ಟೆಂದು ಇಳಿದಂತೆ ಓಡಿಸುವವರ ಕಾಲು ಆಕ್ಸಿಲರೇಟರನ್ನು ಒಂದಿಷ್ಟು ಹೆಚ್ಚು ಒತ್ತಲು ತಾನಾಗಿಯೇ ಕಲಿಯುತ್ತದೆ. ಗಾಡಿಗೆ ವಯಸ್ಸಾಯಿತು ಎಂದು ಮನಸ್ಸೂ ಒಪ್ಪಿಕೊಳ್ಳುತ್ತದೆ. ಕೊನೆಗೊಂದು ದಿನ ಲೋಡಿನ ಸಮೇತ ಏರು ಹತ್ತುವಾಗ ಮಿಸ್ಸಿಂಗ್ ಹೊಡೆಯಲು ಶುರುವಾದ ಮೇಲೆಯೇ ಗಾಡಿ ಗ್ಯಾರೇಜಿಗೆ ಹೋಗುವುದು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಪಿಕಪ್ ಇಟ್ಟುಕೊಂಡವರಿಗೆ ಇದಕ್ಕಿಂತ ದುಬಾರಿ ಅಭ್ಯಾಸ ಇನ್ನೊಂದಿಲ್ಲ. ಇಗ್ನಿಷನ್ ಭಾಗಗಳಲ್ಲಿ ಪ್ಲಗ್ಗನ್ನು ಬದಲಿಸಬೇಕಾದದ್ದು ಕಿಲೋಮೀಟರ್ ಲೆಕ್ಕ ನೋಡಿ, ಕಾಯಿಲನ್ನು ಬದಲಿಸಬೇಕಾದದ್ದು ಪರೀಕ್ಷೆ ಮಾಡಿ. ಯಾವುದನ್ನೂ ಕೈಕೊಡುವ ತನಕ ಬಿಡಬಾರದು. ಡೀಸೆಲ್ ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಹಾಗಾಗಿ ಇದು ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳ ಮಾತು.

ಈ ಸವೆತ ಎಷ್ಟು ದೊಡ್ಡದೆಂದು ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತು ತಿರುಗಿದಾಗ ಪ್ರತಿ ಸಿಲಿಂಡರಿನಲ್ಲಿ ಒಮ್ಮೆ ಬೆಂಕಿ ಹೊತ್ತಬೇಕು. ನಿಮಿಷಕ್ಕೆ 2,400 ಸುತ್ತಿನಂತೆ ಓಡಿದರೆ ಒಂದು ಪ್ಲಗ್ಗಿನಲ್ಲಿ ನಿಮಿಷಕ್ಕೆ 1,200, ಗಂಟೆಗೆ 72,000 ಕಿಡಿ. ಗಂಟೆಗೆ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ 1,60,000 ಕಿಲೋಮೀಟರ್ ಓಡುವಷ್ಟರಲ್ಲಿ ಅದೇ ಪ್ಲಗ್ ಸುಮಾರು 29 ಕೋಟಿ ಸಲ ಕಿಡಿ ಹಾರಿಸಿರುತ್ತದೆ. ಪ್ರತಿ ಕಿಡಿಯೂ ತುದಿಯ ಲೋಹದ ಕಣವನ್ನು ಕಿತ್ತೊಯ್ಯುತ್ತದೆ. ಚೂಪಾಗಿದ್ದ ಅಂಚು ದುಂಡಗಾಗಿ, ಒಂದು ಮಿಲಿಮೀಟರ್ ಆಸುಪಾಸಿನಲ್ಲಿದ್ದ ಗ್ಯಾಪ್ ಅಗಲವಾಗುತ್ತದೆ. ಗ್ಯಾಪ್ ಹೆಚ್ಚಿದಷ್ಟೂ ಕಿಡಿ ದಾಟಿಸಲು ಹೆಚ್ಚು ವೋಲ್ಟೇಜ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕೊಡುವ ಕಾಯಿಲ್‌ ಮೇಲೆ ಆ ಭಾರವೆಲ್ಲ ಬೀಳುತ್ತದೆ. ಪ್ಲಗ್ಗಿನಲ್ಲಿ ದಾಟಲಾರದ ವಿದ್ಯುತ್ತು ರಬ್ಬರ್ ಬೂಟಿನ ಬಿರುಕಿನಿಂದಲೋ ಕಾಯಿಲಿನ ಒಳಗಿನಿಂದಲೋ ಬೇರೆ ದಾರಿ ಹುಡುಕುತ್ತದೆ. ಹೀಗೆ ಅಗ್ಗದ ಪ್ಲಗ್ಗಿನ ಸವೆತ ದುಬಾರಿ ಕಾಯಿಲನ್ನೂ ತಿನ್ನುತ್ತದೆ.

ಪಿಕಪ್ ಗಾಡಿಗಳಿಗೆ ಈ ತೊಂದರೆ ಕಾರಿಗಿಂತ ಬೇಗ ತಟ್ಟುವುದಕ್ಕೆ ಕಾರಣ ಹೊರೆ. ಲೋಡು ಹೊತ್ತು ಏರು ಹತ್ತುವಾಗ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣ ಒತ್ತಾಗಿ ತುಂಬಿಕೊಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಅದೇ ಗ್ಯಾಪ್ ದಾಟುವುದು ಕಿಡಿಗೆ ಕಷ್ಟ. ಆದ್ದರಿಂದಲೇ ನಿಂತಲ್ಲಿ ನುಣ್ಣಗೆ ಓಡುವ ಎಂಜಿನ್ ಏರಿನಲ್ಲಿ ಜರ್ಕ್ ಹೊಡೆಯುತ್ತದೆ. ಸಿಎನ್‌ಜಿಗೆ ಪೆಟ್ರೋಲಿಗಿಂತಲೂ ಹೆಚ್ಚು ವೋಲ್ಟೇಜ್ ಬೇಕು. ನಮ್ಮ ರಸ್ತೆಗಳಲ್ಲಿ ತರಕಾರಿ, ಸಿಮೆಂಟು, ನೀರಿನ ಕ್ಯಾನು ಹೊರುವ ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿಗಳ ಪೈಕಿ ಗ್ಯಾಸಿನಲ್ಲಿ ಓಡುವ ಗಾಡಿಗಳ ಮಾಲೀಕರು ಪ್ಲಗ್ ಕಡೆ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫೋರ್ಡ್ ಎಫ್-150 ಪಿಕಪ್ಪಿಗಿಂತ ಕಟುವಾದ ಸಾಕ್ಷಿ ಸಿಗಲಾರದು. 2004ರಿಂದ 2008ರ ಮಾಡೆಲ್‌ಗಳಲ್ಲಿ ಬಂದ ಅದರ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವುಗಳ ವಿ8 ಎಂಜಿನ್ನಿಗೆ ಎಂಟು ಉದ್ದನೆಯ ಪ್ಲಗ್‌ಗಳು. ಅವುಗಳ ಲೋಹದ ಕವಚ ಎರಡು ತುಂಡುಗಳನ್ನು ಜೋಡಿಸಿ ಮಾಡಿದ್ದು. ಬದಲಿಸುವ ಗಡುವು 1,00,000 ಮೈಲಿ, ಅಂದರೆ ಸುಮಾರು 1,60,000 ಕಿಲೋಮೀಟರ್. ಅಷ್ಟು ದೂರ ಓಡುವಷ್ಟರಲ್ಲಿ ಕೆಳತುಂಡಿನ ಸುತ್ತ ಮಸಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಸ್ಪ್ಯಾನರ್ ತಿರುಗಿಸಿದರೆ ಮೇಲಿನ ತುಂಡು ಕೈಗೆ ಬಂದು, ಕೆಳಗಿನದು ಸಿಲಿಂಡರ್ ಹೆಡ್ಡಿನಲ್ಲೇ ಮುರಿದು ಉಳಿಯುತ್ತಿತ್ತು. ಕೊನೆಗೆ ಕಂಪನಿಯೇ ಡೀಲರುಗಳಿಗೆ ವಿಶೇಷ ಕ್ರಮವನ್ನು ಬರೆದು ಕಳಿಸಬೇಕಾಯಿತು. ಎಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ಗನ್ನು ಕಾಲು ಸುತ್ತಿಗಿಂತ ಹೆಚ್ಚು ಸಡಿಲಿಸದೆ ಗುಂಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು, ಅದು ಇಳಿಯುವ ತನಕ ಕಾಯಿರಿ. ಆಮೇಲೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಿಡಿಸಿ. ಮುರಿದ ತುಂಡನ್ನು ಹೊರತೆಗೆಯಲೆಂದೇ ಪ್ರತ್ಯೇಕ ಸಾಧನಗಳೂ ಮಾರುಕಟ್ಟೆಗೆ ಬಂದವು. ಇದು ಒಂದು ಎಂಜಿನ್ನಿನ ವಿನ್ಯಾಸದ ದೋಷ ನಿಜ. ಆದರೆ ಬಿಸಿ, ಮಸಿ, ತುಕ್ಕು ಸೇರಿ ಪ್ಲಗ್ಗಿನ ಮರೆ ಕಚ್ಚಿಕೊಳ್ಳುವುದು ಯಾವ ಎಂಜಿನ್ನಿನಲ್ಲೂ ನಡೆಯುವ ಸಂಗತಿ. ಕಂಪನಿ ಹೇಳಿದ ಕಿಲೋಮೀಟರನ್ನು ಕಾಯಬೇಕಾದ ದಿನವೆಂದು ಓದದೆ ದಾಟಬಾರದ ಗಡಿಯೆಂದು ಓದಬೇಕು.

‘ಓಡುತ್ತಿದೆಯಲ್ಲ, ಸುಮ್ಮನೆ ಯಾಕೆ ಕೈಹಾಕುವುದು?’ ಎಂಬುದು ಸಾಮಾನ್ಯ ಆಕ್ಷೇಪ. ಹಳೇ ಗಾಡಿಗೆ ಹೊಸ ಖರ್ಚು ಯಾಕೆ ಎನ್ನುವವರೂ ಇದ್ದಾರೆ. ಕೈ ನೋಡಿ ಖರ್ಚು ಮಾಡುವವರ ಈ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉಳಿತಾಯದ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಕಾವಿಗೆ ಅದರೊಳಗಿನ ಜೇನುಗೂಡಿನಂಥ ರಚನೆ ಕರಗಿ ಕಟ್ಟಿಕೊಳ್ಳಬಹುದು. ಪ್ಲಾಟಿನಂ, ಪಲೇಡಿಯಂನಂಥ ಬೆಲೆಬಾಳುವ ಲೋಹಗಳಿರುವ ಆ ಭಾಗದ ಮುಂದೆ ಒಂದು ಸೆಟ್ ಪ್ಲಗ್ಗಿನ ಬೆಲೆ ಏನೇನೂ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಮಿಣುಕತೊಡಗಿದರೆ ಲೋಡು ಮುಟ್ಟಿಸಿ ಬರೋಣ ಎನ್ನದೆ ನಿಲ್ಲಿಸಬೇಕಾದದ್ದು ಈ ಕಾರಣಕ್ಕೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಬದಲಿಸುವುದೂ ತಪ್ಪು. ಸ್ಕ್ಯಾನರಿನಲ್ಲಿ ಪಿ0303 ಎಂಬ ಕೋಡ್ ಬಂದರೆ ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದಷ್ಟೇ ಅರ್ಥ, ಕಾಯಿಲ್ ಸತ್ತಿದೆ ಎಂದಲ್ಲ. ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಾದರೆ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿ ನೋಡಿ. ಕೋಡ್ ಪಿ0301 ಎಂದು ಬದಲಾದರೆ ದೋಷ ಕಾಯಿಲಿನದ್ದು. ಮೂರರಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಇಂಧನ ಹೆಚ್ಚಾಗಿರಬಹುದು. ಆಯಿಲ್ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲಿನ ಕಡೆ ಅನುಮಾನ ಹೋಗಬೇಕು, ಹೊಸ ಪ್ಲಗ್ ಆ ರೋಗಕ್ಕೆ ಮದ್ದಲ್ಲ. ಪ್ಲಗ್‌ಗಳನ್ನಂತೂ ಸೆಟ್ಟಾಗಿಯೇ ಬದಲಿಸಬೇಕು, ಯಾಕೆಂದರೆ ಎಲ್ಲವೂ ಒಂದೇ ದೂರ ಓಡಿರುತ್ತವೆ. ಡಿಸ್ಟ್ರಿಬ್ಯೂಟರ್ ಇರುವ ಇನ್ನೂ ಹಳೆಯ ಗಾಡಿಗಳಲ್ಲಿ ಅದರ ಕ್ಯಾಪ್, ರೋಟರ್, ಪ್ಲಗ್ ವೈರುಗಳನ್ನೂ ಜೊತೆಗೇ ನೋಡುವುದು ಒಳ್ಳೆಯದು.

ಕೆಲಸ ಮಾಡುವ ರೀತಿಯೂ ಮುಖ್ಯ. ಎಂಜಿನ್ ತಣ್ಣಗಿರಲಿ. ಗುಂಡಿಯಲ್ಲಿನ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆಯೇ ಪ್ಲಗ್ ಬಿಚ್ಚಿ, ಇಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಬಳಸಿ. ಅಲ್ಯೂಮಿನಿಯಂ ಹೆಡ್ಡಿನ ಮರೆ ಹಾಳಾದರೆ ಪ್ಲಗ್ಗಿನ ಕೆಲಸ ಹೆಡ್ಡಿನ ಕೆಲಸವಾಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರದೆ ಮ್ಯಾನ್ಯುಯಲ್ ಹೇಳಿದ ನಂಬರಿನ ಪ್ಲಗ್ಗನ್ನೇ ಕೇಳಿ ತನ್ನಿ. ಇಷ್ಟೆಲ್ಲ ಆದ ಮೇಲೆ ಬದಲಿಸಿದ ತಾರೀಖು ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳ ಜೊತೆ ಇಡಿ. ಮುಂದಿನ ಸಲ ಪ್ಲಗ್ ಯಾವಾಗ ಬದಲಿಸಬೇಕೆಂಬುದನ್ನು ಆ ಚೀಟಿ ನೋಡಿ ತೀರ್ಮಾನಿಸಿ, ಏರಿನಲ್ಲಿ ಗಾಡಿ ನಿಲ್ಲುವ ತನಕ ಕಾಯಬೇಡಿ.