ಮಸಿ ಯಾವುದು, ಕುಡಿಕೆ ಎಂಥದು?

ಹತ್ತನೆಯ ತರಗತಿಯ ಹುಡುಗನೊಬ್ಬ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಹೃದಯದ ಚಿತ್ರವನ್ನು ಟಾಕಿನಿಂದ ಬರೆದಿದ್ದ. ನಾಲ್ಕು ಸಂಜೆಗಳ ಶ್ರಮ. ಕೊನೆಗೆ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಜಲವರ್ಣ ಹಚ್ಚಿದ್ದೇ ತಡ, ಕಪ್ಪು ಗೆರೆಗಳೆಲ್ಲ ಕರಗಿ ಹರಡಿಬಿಟ್ಟವು. ಮನೆಯಲ್ಲಿ ಬೈಗುಳ ತಿಂದ. ನಿಜವಾಗಿ ತಪ್ಪು ನನ್ನದು. ‘ಯಾವುದಾದರೂ ಕಪ್ಪು ಮಸಿ ತಗೋ’ ಎಂದವನು ನಾನೇ. ಅವನು ಫೌಂಟನ್ ಪೆನ್ನಿನ ಶಾಯಿ ಬಳಸಿದ್ದ.

ಆ ಶಾಯಿ ನೀರಿನಲ್ಲಿ ಕರಗಿದ ಬಣ್ಣ. ಒಣಗಿದ ಮೇಲೂ ನೀರು ತಗುಲಿದರೆ ಸಾಮಾನ್ಯವಾಗಿ ಮತ್ತೆ ಕರಗುತ್ತದೆ. ಇಂಡಿಯನ್ ಇಂಕ್ ಹಾಗಲ್ಲ. ಅದರಲ್ಲಿರುವುದು ನೀರಿನಲ್ಲಿ ತೇಲುವ ಇಂಗಾಲದ ನುಣ್ಣನೆಯ ಕಣಗಳು. ಪಾತ್ರೆಯ ತಳಕ್ಕೆ ಹಿಡಿಯುವುದೂ ಮಸಿ, ಬರೆಯುವುದೂ ಮಸಿ. ನಮ್ಮ ಹಿರಿಯರು ಸುಮ್ಮನೆ ಒಂದೇ ಹೆಸರಿಟ್ಟಿಲ್ಲ! ಇಂಗಾಲ ನೀರಿನಲ್ಲಿ ಕರಗದು, ಬಿಸಿಲಿಗೆ ಮಾಸದು.

ಆದರೆ ಕಣಗಳನ್ನು ಕಾಗದಕ್ಕೆ ಹಿಡಿದಿಡಲು ಅಂಟು ಬೇಕು. ಬರೀ ಗೋಂದು ಇದ್ದರೆ ಒದ್ದೆಯಾದಾಗ ಗೆರೆ ಕದಡಬಹುದು. ಅರಗು ಸೇರಿದ ಮಸಿ ಒಮ್ಮೆ ಒಣಗಿದರೆ ನೀರಿಗೆ ಜಗ್ಗದು. ಆದ್ದರಿಂದ ಸೀಸೆಯ ಮೇಲೆ ‘ವಾಟರ್‌ಪ್ರೂಫ್’ ಎಂದಿದೆಯೇ ನೋಡಿ. ಅಷ್ಟಕ್ಕೇ ನಂಬಬೇಡಿ. ಚಿತ್ರ ಬರೆಯುವ ಕಾಗದದ ತುಂಡಿನ ಮೇಲೆ ನಾಲ್ಕು ಗೆರೆ ಎಳೆದು, ಚೆನ್ನಾಗಿ ಒಣಗಿಸಿ, ಒದ್ದೆ ಕುಂಚ ಆಡಿಸಿ. ಗೆರೆ ನಿಂತರೆ ಮಸಿ ಪಾಸು.

ಮಕ್ಕಳೇ, ಇನ್ನೊಂದು ಮೋಜು. ಎರಡು ಸೋಸುಕಾಗದದ ಪಟ್ಟಿಗಳ ಮೇಲೆ ಎರಡೂ ಮಸಿಗಳ ಚುಕ್ಕೆ ಇಟ್ಟು ಒಣಗಿಸಿ, ಚುಕ್ಕೆ ಮುಳುಗದಂತೆ ತುದಿಯನ್ನಷ್ಟೇ ನೀರಿಗೆ ತಾಗಿಸಿ. ಶಾಯಿಯ ಚುಕ್ಕೆ ಮೇಲೇರುತ್ತ ಹಲವು ಬಣ್ಣಗಳಾಗಿ ಬೇರೆಯಾಗುವುದುಂಟು. ಇಂಗಾಲದ ಚುಕ್ಕೆ ಇದ್ದಲ್ಲೇ ಇರುತ್ತದೆ. ಹಾಗೆಂದು ಇಂಡಿಯನ್ ಇಂಕನ್ನು ಅಪ್ಪನ ಫೌಂಟನ್ ಪೆನ್ನಿಗೆ ತುಂಬಬೇಡಿ. ಒಳಗೆ ಒಣಗಿ ಕಟ್ಟಿಕೊಂಡರೆ ಪೆನ್ನು ಕೆಟ್ಟಂತೆಯೇ.

ಇನ್ನು ಕುಡಿಕೆ. ಉದ್ದನೆಯ, ಕಿರಿದಾದ ಸೀಸೆ ಬೇಡ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ವಸ್ತು ಸುಲಭವಾಗಿ ಉರುಳದು ಎಂಬ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಿಡ್ಡಗಿರುವ, ಅಗಲ ತಳದ, ದಪ್ಪ ಗಾಜಿನ ಸೀಸೆ ಒಳ್ಳೆಯದು. ಬಾಯಿ ಅಗಲವಿದ್ದರೆ ಹಿಡಿಕೆಗೆ ಮಸಿ ಮೆತ್ತದು. ಆದರೆ ಮುಚ್ಚಳ ಬಿಗಿಯಾಗಿರಲಿ. ಇಲ್ಲವಾದರೆ ನೀರು ಆವಿಯಾಗಿ ಮಸಿ ಗಟ್ಟಿಯಾಗುತ್ತದೆ. ದೊಡ್ಡ ಸೀಸೆಯಿಂದ ಒಂದೆರಡು ಸೆಂಟಿಮೀಟರ್ ಎತ್ತರದಷ್ಟು ಮಸಿಯನ್ನು ಸಣ್ಣ ಕುಡಿಕೆಗೆ ಸುರಿದುಕೊಂಡರೆ, ಉರುಳಿದರೂ ನಷ್ಟ ಕಡಿಮೆ. ಉಳಿದದ್ದನ್ನು ಮರಳಿ ದೊಡ್ಡ ಸೀಸೆಗೆ ಸುರಿಯಬಾರದು.

ಹೊಸ ಟಾಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಸಾಬೂನು ನೀರಿನಲ್ಲಿ ತೊಳೆದು ಒರೆಸದಿದ್ದರೆ ಮಸಿ ಹಿಡಿಯದು. ಅದ್ದುವಾಗ ಟಾಕಿನ ನಡುವಿನ ರಂಧ್ರ ಮುಳುಗಿದರೆ ಸಾಕು. ಕೆಲಸ ಮುಗಿದೊಡನೆ ತೊಳೆದು ಒರೆಸಿಡಿ.

ಮರುದಿನ ಹುಡುಗನಿಗೆ ಸರಿಯಾದ ಮಸಿ ತಂದುಕೊಟ್ಟೆ. ಅವನು ಮತ್ತೆ ಬರೆದ, ಬಣ್ಣ ಹಚ್ಚಿದ. ಗೆರೆಗಳು ಕದಲಲಿಲ್ಲ. ಪೋಷಕರಲ್ಲಿ ಒಂದು ಮಾತು: ಮಕ್ಕಳ ಚಿತ್ರ ಕೆಟ್ಟಾಗ ಗದರುವ ಮೊದಲು, ಮಸಿ ಯಾವುದೆಂದು ಕೇಳಿ. ಹೇಳಿಕೊಟ್ಟವರನ್ನೂ ಕೇಳಿ.