ನಿಧಿಯ ಗುಹೆಗೆ ಹಡಗು ಹತ್ತಿ ಬಂದ ಹವಳ

ಬ್ರಿಟಿಷ್ ವರ್ಜಿನ್ ದ್ವೀಪಸಮೂಹದ ನಾರ್ಮನ್ ದ್ವೀಪದಲ್ಲಿ ಊರಿಲ್ಲ, ಕಾಯಂ ನಿವಾಸಿಗಳಿಲ್ಲ. ಆದರೂ ಪ್ರವಾಸಿಗರ ದೋಣಿಗಳು ಅಲ್ಲಿಗೆ ಸಾಲುಗಟ್ಟುತ್ತವೆ. ಕಡಲಂಚಿನ ಬಂಡೆಯ ಬುಡದಲ್ಲಿರುವ ಗುಹೆಗಳು ಮತ್ತು ಅವುಗಳ ನಿಧಿಯ ಕಥೆಯೇ ಅದಕ್ಕೆ ಕಾರಣ. ನಿಧಿ ಬರೀ ಕಟ್ಟುಕಥೆಯಲ್ಲ. 1750ರಲ್ಲಿ ಚಂಡಮಾರುತಕ್ಕೆ ಸಿಕ್ಕ ಸ್ಪೇನಿನ ‘ಗ್ವಾಡಲೂಪೆ’ ಹಡಗು ನಾರ್ತ್ ಕ್ಯಾರೊಲಿನಾ ತೀರ ಸೇರಿತು. ಅದರ ಬೆಳ್ಳಿಯನ್ನು ಓವನ್ ಲಾಯ್ಡ್ ಎಂಬ ನಾವಿಕ ಲಪಟಾಯಿಸಿ, ಈ ದ್ವೀಪಕ್ಕೆ ತಂದು ಹೂತಿಟ್ಟ. ಸುದ್ದಿ ತಿಳಿದದ್ದೇ ತಡ, ಪಕ್ಕದ ಟೋರ್ಟೋಲಾದ ಜನ ಬಂದು ಅಗೆದು ಹೊತ್ತೊಯ್ದರು.

ಸ್ನಾರ್ಕೆಲ್ ಕಚ್ಚಿಕೊಂಡು ಗುಹೆಯೊಳಕ್ಕೆ ಈಜುವವರಿಗೆ ಇಂದು ಕಾಣಸಿಗುವುದು ಬೇರೆಯೇ ಸಂಪತ್ತು. ನೀರಿನಡಿ ಟಾರ್ಚ್ ಹಾಯಿಸಿದರೆ ಗೋಡೆಯ ಮೇಲೆ ಕಡುಕಿತ್ತಳೆ ಗುಚ್ಛಗಳು ಹೊಳೆಯುತ್ತವೆ. ಒಂದೊಂದು ಗುಚ್ಛದಲ್ಲೂ ಬೆರಳ ತುದಿಯಷ್ಟಗಲದ ಹಲವು ಬಟ್ಟಲುಗಳು. ಬಟ್ಟಲಿನಿಂದ ಹೊರಚಾಚಿದ ಹಳದಿ ಕರಬಳ್ಳಿಗಳು ಅರಳಿದ ಚೆಂಡುಹೂವನ್ನು ನೆನಪಿಸುತ್ತವೆ. ಇದು ಟ್ಯೂಬಾಸ್ಟ್ರಿಯಾ ಎಂಬ ಬಟ್ಟಲು ಹವಳ. ದಂಡೆ ಕಟ್ಟುವ ಹವಳಗಳು ತಮ್ಮ ಮೈಯೊಳಗೆ ಸೂಕ್ಷ್ಮಪಾಚಿಗಳನ್ನು ಸಾಕಿಕೊಂಡು, ಅವು ಬಿಸಿಲಿನಲ್ಲಿ ತಯಾರಿಸುವ ಸಕ್ಕರೆಯಿಂದ ಬದುಕುತ್ತವೆ. ಹಾಗಾಗಿ ಕತ್ತಲಲ್ಲಿ ಅವುಗಳಿಗೆ ಉಳಿಗಾಲವಿಲ್ಲ. ಬಟ್ಟಲು ಹವಳಕ್ಕೆ ಪಾಚಿಯ ಹಂಗಿಲ್ಲ. ನೀರಿನಲ್ಲಿ ತೇಲಿಬರುವ ಪುಟ್ಟ ಜೀವಿಗಳನ್ನು ಅದು ಕರಬಳ್ಳಿಗಳಿಂದಲೇ ಹಿಡಿದು ನುಂಗುತ್ತದೆ. ಬಯಲಿನಲ್ಲಿ ಹೆಚ್ಚಾಗಿ ರಾತ್ರಿ ಅರಳುವ ಈ ಜೀವಿ ಗುಹೆಯ ಮಬ್ಬಿನಲ್ಲಿ ಹಗಲಲ್ಲೂ ಅರಳಿರುತ್ತದೆ. ಸ್ನಾರ್ಕೆಲ್ ಹಾಕಿದವರಿಗೆ ಇಷ್ಟು ಸಲೀಸಾಗಿ ಸಿಗುವ ಇಂಥ ನೋಟ ಅಪರೂಪ.

ಆದರೆ ಈ ಹವಳ ಕೆರಿಬಿಯನ್ನಿನದಲ್ಲ. ಅದರ ತವರು ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್. ಕೆರಿಬಿಯನ್ನಿನಲ್ಲಿ ಅದು ದಾಖಲಾದದ್ದು 1943ರಲ್ಲಿ, ಪ್ಯೂರ್ಟೊರಿಕೊ ಮತ್ತು ಕುರಸಾವ್ ಬಳಿ. ಹಡಗುಗಳ ತಳಕ್ಕೆ ಅಂಟಿಕೊಂಡು ಬಂದಿರಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ. ಲಾಯ್ಡ್ ಕದ್ದ ಬೆಳ್ಳಿ ನಾರ್ಮನ್ ದ್ವೀಪದಲ್ಲಿ ಇಳಿಯಿತು. ಈ ಹವಳವಾದರೋ ಮೆಕ್ಸಿಕೊ ಕೊಲ್ಲಿಯ ತೈಲಬಾವಿಗಳ ಉಕ್ಕಿನ ಕಂಬಗಳಿಗೂ ಬ್ರೆಜಿಲ್‌ನ ತೀರಕ್ಕೂ ಹಬ್ಬಿದೆ.

ಚೆಲುವಿದೆ ಎಂದು ಸುಮ್ಮನಿರುವಂತಿಲ್ಲ. ಬಂಡೆಯ ಮೇಲಿನ ಒಂದೊಂದು ಅಂಗುಲಕ್ಕೂ ಸ್ಥಳೀಯ ಹವಳ, ಸ್ಪಂಜುಗಳ ನಡುವೆ ಪೈಪೋಟಿ ಇರುವಲ್ಲಿ ಬೇಗ ಬಲಿತು ಮರಿಹಾಕುವ ಇದು ಜಾಗ ಕಬಳಿಸುತ್ತದೆ. ಟೆಕ್ಸಾಸ್ ತೀರದಾಚೆಯ ಫ್ಲವರ್ ಗಾರ್ಡನ್ ಅಭಯಧಾಮದಲ್ಲಿ ಮುಳುಗುಗಾರರು ಸುತ್ತಿಗೆ, ಉಳಿ ಹಿಡಿದು ಇದನ್ನು ಕೆತ್ತಿ ತೆಗೆಯುತ್ತಾರೆ. ಕೆತ್ತಿದ್ದನ್ನು ಚೀಲಕ್ಕೆ ತುಂಬಿ ಮೇಲೆ ತರಲೇಬೇಕು. ಏಕೆಂದರೆ ಕೆಳಗೆ ಬಿದ್ದ ಚೂರಿನಿಂದಲೂ ಹೊಸ ಬಟ್ಟಲು ಚಿಗುರಬಲ್ಲದು.